ಕಡಿಯದೆ ನಿಲ್ಲಿಸಿದ ಕಬ್ಬು

ಕಡಿದ ಕಬ್ಬು ಕಾಯುವುದಿಲ್ಲ. ಬುಡಕ್ಕೆ ಕತ್ತಿ ಬಿದ್ದ ಗಳಿಗೆಯಿಂದಲೇ ಒಳಗಿನ ಸಕ್ಕರೆ ಒಡೆಯಲು, ನೀರು ಆರಲು ಶುರುವಾಗುತ್ತದೆ. ಒಂದು ದಿನದೊಳಗೆ ಗಾಣಕ್ಕೆ ಬಿದ್ದರೆ ಸರಿ. ಎರಡು ದಿನ ದಾಟಿತೋ, ತೂಕವೂ ಇಳಿಯಿತು, ಸಕ್ಕರೆಯೂ ಇಳಿಯಿತು. ತೂಕದ ನಷ್ಟ ಬೆಳೆದವನದು, ಸಕ್ಕರೆಯ ನಷ್ಟ ಕಾರಖಾನೆಯದು. ಜೋಳವಾದರೆ ಹಗೇವಿನಲ್ಲಿಟ್ಟು ಒಳ್ಳೆಯ ದರ ಬರುವ ತನಕ ಸುಮ್ಮನಿರಬಹುದು. ಅರಿಶಿನ, ಹತ್ತಿ, ಒಣಮೆಣಸಿನಕಾಯಿಗೂ ಅಷ್ಟಿಷ್ಟು ತಾಳಿಕೆ ಉಂಟು. ಕಬ್ಬಿಗೆ ಅದಿಲ್ಲ. ಆದ್ದರಿಂದ ಅದರ ದರದ ಮಾತು ಮುಗಿಯಬೇಕಾದದ್ದು ಹೊಲದಲ್ಲಿ ಕಬ್ಬು ಇನ್ನೂ ನಿಂತಿರುವಾಗ. ಲೋಡು ಹೊತ್ತ ಟ್ರ್ಯಾಕ್ಟರ್ ಕಾರಖಾನೆಯ ಕಾಟಾ, ಅಂದರೆ ಗಾಡಿಸಮೇತ ತೂಗುವ ಕಟ್ಟೆ, ಹತ್ತಿದ ಮೇಲೆ ರೈತನ ಮಾತನ್ನು ಯಾರೂ ಕೇಳುವುದಿಲ್ಲ.

ಈ ಒಂದು ಸಂಗತಿಯ ಸುತ್ತ ಘಟಪ್ರಭೆಯ ಸೀಮೆಯಲ್ಲಿ ಒಂದು ಕಸುಬೇ ಬೆಳೆದಿದೆ: ಸಾವಿರಾರು ಮಂದಿ ಒಟ್ಟಾಗಿ ಕಬ್ಬು ಕಡಿಯದೆ ನಿಲ್ಲಿಸುವ ಕಸುಬು. ದೂರದಿಂದ ನೋಡುವವರಿಗೆ ಕಾಣುವುದು ರಸ್ತೆತಡೆ, ಘೋಷಣೆ, ಹಸಿರು ಶಾಲು ಇಷ್ಟೇ. ಹತ್ತಿರ ಹೋದರೆ ಅದರೊಳಗಿನ ಲೆಕ್ಕವೂ ಹೊತ್ತುಗೊತ್ತಿನ ತಿಳಿವಳಿಕೆಯೂ ಕಾಣುತ್ತವೆ. 2025ರ ಅಕ್ಟೋಬರ್ 30ರಂದು ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಶುರುವಾಗಿ ಒಂಬತ್ತು ದಿನ ಜಗ್ಗದೆ ನಡೆದ ಧರಣಿ ಈ ಕಸುಬನ್ನು ಬಿಡಿಸಿ ನೋಡಲು ಒಳ್ಳೆಯ ಮಾದರಿ.

ಮೊದಲು ನೆಲದ ಪರಿಚಯ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿರುವ ರಾಜಾ ಲಖಮಗೌಡ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ಅದರ ಕೆಳಗೆ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು, ಅಲ್ಲಿಂದ ಹೊರಡುವ ಕಾಲುವೆಗಳು. ನೀರು ಮುಟ್ಟಿದಲ್ಲೆಲ್ಲ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಕಾರಖಾನೆ ಬಂತು. ಸಂಕೇಶ್ವರದ ಹಿರಣ್ಯಕೇಶಿ ರೈತರದೇ ಷೇರಿನ ಸಹಕಾರಿ ಕಾರಖಾನೆ. ಬೆಲ್ಲದ ಬಾಗೇವಾಡಿ, ಹುಣಶ್ಯಾಳ ಪಿ.ಜಿ., ಕೊಳವಿಯಲ್ಲಿ ಖಾಸಗಿಯವು. ಬೆಳಗಾವಿ ಜಿಲ್ಲೆಯೊಂದರಲ್ಲೇ ಇಂಥವು ಇಪ್ಪತ್ತೈದಕ್ಕೂ ಹೆಚ್ಚು.

ಕಾರಖಾನೆ ಬರುವ ಮೊದಲು ಇಲ್ಲಿ ಬೆಲ್ಲದ ಗಾಣಗಳಿದ್ದವು. ಬೆಲ್ಲಕ್ಕೆ ತಾಳಿಕೆ ಇದೆ. ಪೆಂಟಿ ಕಟ್ಟಿ ಒಣಜಾಗದಲ್ಲಿ ಇಟ್ಟು, ದರ ನೋಡಿ ಗೋಕಾಕಿನ ಪೇಟೆಗೋ ಸಂಕೇಶ್ವರದ ಪೇಟೆಗೋ ಒಯ್ಯುವ ಸ್ವಾತಂತ್ರ್ಯ ಒಬ್ಬೊಬ್ಬ ರೈತನಿಗೂ ಇತ್ತು. ಕಾರಖಾನೆ ಹೆಚ್ಚು ಕಬ್ಬು ಕೊಂಡಿತು, ಒಮ್ಮೆಲೇ ಕೊಂಡಿತು, ಗಾಣದ ಮುಂದೆ ರಾತ್ರಿಯಿಡೀ ಕೂರುವ ಕಷ್ಟ ತಪ್ಪಿಸಿತು. ಆದರೆ ಆ ತಾಳಿಕೆ ರೈತನ ಕೈಯಿಂದ ಗೋದಾಮಿನ ಸಕ್ಕರೆ ಚೀಲಕ್ಕೆ ಹೋಯಿತು. ಎರಡು ಕಾರಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರವಿರಬೇಕೆಂಬ ಕೇಂದ್ರದ ನಿಯಮವಿದೆ. ಹಾಗಾಗಿ ಕೂಗಳತೆಯಲ್ಲಿ ಇನ್ನೊಬ್ಬ ಕೊಳ್ಳುವವನೂ ಸಿಗುವುದಿಲ್ಲ. ಇಂಥಲ್ಲಿ ಒಬ್ಬ ರೈತ ತನ್ನ ಎರಡು ಎಕರೆ ಕಬ್ಬನ್ನು ತಡೆದರೆ ಕಾರಖಾನೆಗೆ ಅದು ತಿಳಿಯುವುದೂ ಇಲ್ಲ. ಎಲ್ಲರೂ ತಡೆದರೆ ಮಾತ್ರ ತಿಳಿಯುತ್ತದೆ.

ಎಷ್ಟು ಬೇಗ ತಿಳಿಯುತ್ತದೆ ಎಂಬುದಕ್ಕೆ ಒಂದು ಲೆಕ್ಕ. ದಿನಕ್ಕೆ 10,000 ಟನ್ ನುರಿಸುವ ಕಾರಖಾನೆಯನ್ನು ತೆಗೆದುಕೊಳ್ಳಿ. ಎರಡು ಡಬ್ಬಿ ಕಟ್ಟಿದ ಟ್ರ್ಯಾಕ್ಟರ್ ಒಂದು ಸಲಕ್ಕೆ ಸುಮಾರು 25 ಟನ್ ತರುತ್ತದೆ. ಅಂದರೆ ದಿನಕ್ಕೆ 400 ಲೋಡು, ಗಂಟೆಗೆ ಹದಿನಾರು ಹದಿನೇಳು, ಹಗಲೂ ರಾತ್ರಿ. ಆವರಣದಲ್ಲಿ ಪಾಳಿ ಹಚ್ಚಿ ನಿಂತ ಗಾಡಿಗಳು ಮುಗಿದರೆ ಗಾಣ ನಿಂತಿತು. ಬಾಯ್ಲರಿಗೆ ಉರುವಲು ಕಬ್ಬಿನ ಸಿಪ್ಪೆಯೇ. ಕಬ್ಬು ಇಲ್ಲವೆಂದರೆ ಸಿಪ್ಪೆ ಇಲ್ಲ, ಸಿಪ್ಪೆ ಇಲ್ಲದೆ ಉಗಿ ಇಲ್ಲ, ಉಗಿ ಇಲ್ಲದೆ ವಿದ್ಯುತ್ತೂ ಇಲ್ಲ. ಕೆಲಸಗಾರರ ಪಗಾರ ಮಾತ್ರ ನಡೆಯುತ್ತಲೇ ಇರುತ್ತದೆ. ಬ್ಯಾಂಕಿನ ಬಡ್ಡಿಯಂತೂ ಸರಿಯೇ ಸರಿ.

ತಡೆಯುವುದು ಯಾವಾಗ ಎಂಬುದರಲ್ಲಿ ಈ ಕಸುಬಿನ ಅರ್ಧ ಜಾಣತನ ಅಡಗಿದೆ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರವೆಂದರೆ ಹಂಗಾಮಿನ ಬಾಗಿಲು. ಆಗ ಕಬ್ಬಿನಲ್ಲಿ ಸಕ್ಕರೆ ಇನ್ನೂ ಏರುವ ಹಂತದಲ್ಲಿರುತ್ತದೆ. ಚಳಿ ಬಿದ್ದಂತೆ ಡಿಸೆಂಬರ್, ಜನವರಿಯಲ್ಲಿ ಅದು ತುಂಬಿಕೊಳ್ಳುತ್ತದೆ. ನಿಂತ ಕಬ್ಬಿಗೆ ಆ ಹೊತ್ತಿನಲ್ಲಿ ಹತ್ತು ಹದಿನೈದು ದಿನದ ತಡ ಅಂಥ ನಷ್ಟವಲ್ಲ. ಕಾರಖಾನೆಗೋ ಅದೇ ಹೊತ್ತು ಅತಿ ಇಕ್ಕಟ್ಟಿನದು: ಯಂತ್ರ ತೊಳೆದು, ಪೂಜೆ ಮುಗಿಸಿ, ಕಡಿಯುವ ಗ್ಯಾಂಗುಗಳಿಗೆ ಮುಂಗಡ ಕೊಟ್ಟು ಕರೆಸಿ, ಮೊದಲ ಲೋಡಿಗಾಗಿ ಕಾದು ಕುಳಿತಿರುತ್ತದೆ. ಇದೇ ತಡೆಯನ್ನು ಫೆಬ್ರವರಿಯಲ್ಲಿ ಮಾಡಿ ನೋಡಿದರೆ ತಕ್ಕಡಿ ತಿರುಗುತ್ತದೆ. ಬಿಸಿಲು ಬಲಿತು, ಸೂಲಂಗಿ ಬಿಟ್ಟ ಕಬ್ಬು, ಅಂದರೆ ತುದಿಯಲ್ಲಿ ಹೂದೆನೆ ತೆಗೆದ ಕಬ್ಬು, ಬೆಂಡಾಗುತ್ತ ಹೋಗುತ್ತದೆ. ಕಾಯಲಾರದವನು ಆಗ ರೈತ. ನೆರೆಯ ಕೊಲ್ಹಾಪುರ ಸೀಮೆಯ ರೈತ ಸಂಘಟನೆ ಜಯಸಿಂಗಪುರದಲ್ಲಿ ಪ್ರತಿವರ್ಷ ‘ಊಸ್ ಪರಿಷದ್’ ಎಂಬ ಕಬ್ಬಿನ ಸಮಾವೇಶ ನಡೆಸಿ ದರದ ಬೇಡಿಕೆ ಸಾರುವುದೂ ಹಂಗಾಮಿನ ಹೊಸ್ತಿಲಲ್ಲೇ. ಗಡಿಯಾಚೆ ಎಷ್ಟು ಕೊಡುತ್ತಾರೆಂಬ ಸುದ್ದಿ ಸಂಕೇಶ್ವರ, ನಿಪ್ಪಾಣಿಯ ಚಹಾದ ಅಂಗಡಿಗೆ ಬರಲು ಒಂದು ದಿನವೂ ಬೇಕಿಲ್ಲ.

ಇನ್ನು ದರ. ಹೊಸಬರಿಗೆ ಇಲ್ಲಿ ತಲೆ ಸುತ್ತುತ್ತದೆ, ಆದರೆ ಸಾವಕಾಶವಾಗಿ ನೋಡಿದರೆ ಕಷ್ಟವಿಲ್ಲ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ ಎಂಬ ಕನಿಷ್ಠ ದರ ನಿಗದಿ ಮಾಡುತ್ತದೆ. ‘ನ್ಯಾಯಯುತ ಮತ್ತು ಲಾಭದಾಯಕ ದರ’ ಎಂದು ಅದರ ಪೂರ್ತಿ ಹೆಸರು. 2025–26ಕ್ಕೆ ಅದು ಕ್ವಿಂಟಲ್‌ಗೆ 355 ರೂಪಾಯಿ, ಟನ್ನಿಗೆ 3,550. ಆದರೆ ಈ ಅಂಕಿಗೆ ಒಂದು ಬಾಲವಿದೆ: 10.25 ಇಳುವರಿಗೆ. ಇಳುವರಿ ಎಂದರೆ ನೂರು ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಬಂತು ಎಂಬ ಅಳತೆ. ರೈತರ ಬಾಯಲ್ಲಿ ಅದು ‘ರಿಕವರಿ’. ಅದು 0.1 ಏರಿದರೆ ಕ್ವಿಂಟಲ್‌ಗೆ 3 ರೂಪಾಯಿ 46 ಪೈಸೆ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. 9.5ರ ಕೆಳಗೆ ಎಷ್ಟೇ ಇಳಿದರೂ 329 ರೂಪಾಯಿ 5 ಪೈಸೆಗಿಂತ ಕಡಿಮೆ ಕೊಡುವಂತಿಲ್ಲ.

ಹಾಗಾದರೆ 11.25 ಇಳುವರಿಯ ಕಾರಖಾನೆ ಕೊಡಬೇಕಾದದ್ದೆಷ್ಟು? ಟನ್ನಿಗೆ 3,550ಕ್ಕೆ 346 ಸೇರಿಸಿ: 3,896. ಆದರೆ ಈ ಹಣ ಕಾರಖಾನೆಯ ಬಾಗಿಲಲ್ಲಿ ನಿಂತ ಕಬ್ಬಿನದು. ಹೊಲದಿಂದ ಬಾಗಿಲವರೆಗಿನ ಖರ್ಚು, ಅಂದರೆ ಕಡಿಯುವ ಕೂಲಿ ಮತ್ತು ಗಾಡಿ ಬಾಡಿಗೆ, ರೈತನ ತಲೆಗೆ. ಕಾರಖಾನೆಯೇ ಗ್ಯಾಂಗು, ಗಾಡಿ ಗೊತ್ತುಮಾಡಿ ಆ ಮೊತ್ತವನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ. ಅದನ್ನು 700 ರೂಪಾಯಿ ಎಂದು ಹಿಡಿದರೆ ಕೈಗೆ ಉಳಿಯುವುದು 3,200ರ ಆಸುಪಾಸು. ಪತ್ರಿಕೆಯಲ್ಲಿ 3,550 ಎಂದು ಓದಿದವನ ಪಾಸ್‌ಬುಕ್ಕಿನಲ್ಲಿ ಬೇರೆಯೇ ಅಂಕಿ ಬೀಳುವುದು ಹೀಗೆ.

ಈ 10.25ಕ್ಕೂ ಒಂದು ಚರಿತ್ರೆಯಿದೆ. 2017–18ರ ತನಕ ದರದ ಆಧಾರ 9.5 ಇಳುವರಿಯಾಗಿತ್ತು. ಮುಂದಿನ ಹಂಗಾಮಿಗೆ 10 ಆಯಿತು, 2022–23ರಿಂದ 10.25. ಆಧಾರ ಏರಿದಷ್ಟೂ ಅದೇ ಕಬ್ಬಿಗೆ ಸಿಗುವ ಹೆಚ್ಚುವರಿ ಕರಗುತ್ತದೆ. ದರ ಏರಿತೆಂಬ ಸುದ್ದಿಯ ಜೊತೆಗೇ ಅಳತೆಗೋಲೂ ಉದ್ದವಾಯಿತೆಂಬುದನ್ನು ಮೊದಲು ಹಿಡಿದವರು ಆರ್ಥಿಕ ತಜ್ಞರಿರಬಹುದು, ಆದರೆ ಅದನ್ನು ಊರ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಅರ್ಥವಾಗುವಂತೆ ಬಿಡಿಸಿ ಹೇಳಿದವರು ರೈತ ಸಂಘದವರು. ಇದೂ ಕಸುಬಿನ ಭಾಗವೇ. ಕಾರಖಾನೆಯ ಕಡೆಯ ಲೆಕ್ಕವನ್ನೂ ಅವರು ಬಾಯಿಪಾಠ ಮಾಡಿರುತ್ತಾರೆ: ಟನ್ ಕಬ್ಬಿಗೆ ನೂರಕ್ಕೂ ಹೆಚ್ಚು ಕಿಲೋ ಸಕ್ಕರೆ, ಮುನ್ನೂರು ಕಿಲೋದಷ್ಟು ಸಿಪ್ಪೆ, ನಲವತ್ತು ಕಿಲೋದ ಸುಮಾರು ಕಾಕಂಬಿ, ಸಿಪ್ಪೆಯಿಂದ ವಿದ್ಯುತ್ತು, ಕಾಕಂಬಿಯಿಂದ ಎಥೆನಾಲ್. ಕಾರಖಾನೆಯವರು ಸಕ್ಕರೆಯ ಕನಿಷ್ಠ ಮಾರಾಟ ದರ 2019ರಿಂದ ಕಿಲೋಗೆ 31 ರೂಪಾಯಿಯಲ್ಲೇ ನಿಂತಿದೆ ಎನ್ನುತ್ತಾರೆ. ಅದು ನಿಜ. ರೈತರು ಎಥೆನಾಲಿನ ಹಣ ಎಲ್ಲಿ ಎನ್ನುತ್ತಾರೆ. ಅದೂ ನ್ಯಾಯವಾದ ಪ್ರಶ್ನೆ.

ಇಳುವರಿಯನ್ನು ಅಳೆಯುವ ರೀತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಬ್ಬೊಬ್ಬನ ಕಬ್ಬಿಗೂ ಬೇರೆ ಬೇರೆ ಇಳುವರಿ ಕಟ್ಟುವುದಿಲ್ಲ. ಕಾರಖಾನೆಯ ಹಿಂದಿನ ಹಂಗಾಮಿನ ಸರಾಸರಿಯೇ ಎಲ್ಲರಿಗೂ. ಅಕ್ಕರೆಯಿಂದ ಗೊಬ್ಬರ ಹಾಕಿ, ಒಣ ಗರಿಯ ರವದಿ ಮುಚ್ಚಿ, ಹದಕ್ಕೆ ನೀರು ಕಟ್ಟಿ ಬೆಳೆದವನ ಕಬ್ಬೂ ಸವಳು ನೆಲದ ಸಪ್ಪೆ ಕಬ್ಬೂ ಒಂದೇ ದರದಲ್ಲಿ ಹೋಗುತ್ತವೆ. ಒಳ್ಳೆಯ ಬೇಸಾಯಗಾರನಿಗೆ ಇದು ಅನ್ಯಾಯವೇ ಸರಿ. ಆದರೆ ನನ್ನ ಅಂದಾಜಿನಲ್ಲಿ ಇಷ್ಟು ಜನರನ್ನು ಒಂದೇ ಚಾಪೆಯ ಮೇಲೆ ಕೂರಿಸುವುದೂ ಈ ಸರಾಸರಿಯೇ. ತನ್ನ ದರ ಏರಬೇಕಾದರೆ ಎಲ್ಲರ ದರ ಏರಬೇಕು, ಬೇರೆ ಹಾದಿಯಿಲ್ಲ.

ಇದೇ ಇಕ್ಕಟ್ಟು, ಇದೇ ಉಪಾಯ, ತೀರ ಬೇರೆಯದೊಂದು ಉದ್ಯೋಗದಲ್ಲೂ ಕಾಣುತ್ತದೆ. ವಿಮಾನದ ಪೈಲಟ್‌ಗಳ ಸಂಬಳ ಕಾರ್ಮಿಕ ಲೋಕದಲ್ಲೇ ದೊಡ್ಡದು, ಆದರೂ ದರದ ಮಾತಿಗೆ ಅವರೂ ಒಬ್ಬೊಬ್ಬರಾಗಿ ಹೋಗಲಾರರು. ಅಮೆರಿಕದಂಥ ಕಡೆ ಪೈಲಟ್‌ನ ಸಂಬಳ, ಪಾಳಿ, ರಜೆ ಎಲ್ಲವೂ ಕಂಪನಿಯೊಳಗಿನ ಹಿರಿತನದ ಪಟ್ಟಿಗೆ ಅಂಟಿಕೊಂಡಿವೆ. ಇಪ್ಪತ್ತು ವರ್ಷದ ಕ್ಯಾಪ್ಟನ್ ಬೇರೆ ಕಂಪನಿಗೆ ಹೋದರೆ ಪಟ್ಟಿಯ ಕಟ್ಟಕಡೆಗೆ ನಿಲ್ಲಬೇಕು. ಹದಿನೈದು ಕಿಲೋಮೀಟರಿನೊಳಗೆ ಇನ್ನೊಂದು ಕಾರಖಾನೆಯಿಲ್ಲದ ರೈತನ ಸ್ಥಿತಿಯೇ ಅದು. ಕಂಪನಿಗೂ ಮಾಲು ಕೆಡುವಂಥದ್ದು: ವಿಮಾನ ಏರಿದ ಮೇಲೆ ಖಾಲಿ ಉಳಿದ ಸೀಟನ್ನು ನಾಳೆ ಮಾರಲಾಗದು. ಅಲ್ಲಿಯ 1926ರ ರೈಲ್ವೆ ಕಾರ್ಮಿಕ ಕಾಯ್ದೆ ವಿಮಾನಯಾನಕ್ಕೂ ಅನ್ವಯಿಸುವುದರಿಂದ ಮಧ್ಯಸ್ಥಿಕೆಯ ಉದ್ದನೆಯ ಹಾದಿ ಮುಗಿಯದೆ ಮುಷ್ಕರ ಹೂಡುವಂತಿಲ್ಲ. ಹಾಗಾಗಿ ಪೈಲಟ್‌ಗಳು ರಜೆಯ ದಿನ ಸಮವಸ್ತ್ರ ತೊಟ್ಟು, ಫಲಕ ಹಿಡಿದು, ವಿಮಾನ ನಿಲ್ದಾಣದ ಹೊರಗೆ ಸಾಲಾಗಿ ಮೌನವಾಗಿ ನಡೆಯುತ್ತಾರೆ. 2022ರಲ್ಲಿ ಡೆಲ್ಟಾ ಕಂಪನಿಯ ಪೈಲಟ್‌ಗಳು ಅಗತ್ಯ ಬಿದ್ದರೆ ಮುಷ್ಕರಕ್ಕೆ ಸಿದ್ಧವೆಂದು ಮತ ಹಾಕಿದಾಗ ಪರವಾಗಿ ಬಿದ್ದದ್ದು ನೂರಕ್ಕೆ 99. ಒಂದೇ ಒಂದು ವಿಮಾನ ನಿಲ್ಲದೆ, ಮುಂದಿನ ವರ್ಷ ಹಂತಹಂತವಾಗಿ ಶೇ 34ರಷ್ಟು ಏರಿಕೆಯ ಒಪ್ಪಂದವಾಯಿತು. ನಮ್ಮಲ್ಲಿ 2009ರ ಸೆಪ್ಟೆಂಬರಿನಲ್ಲಿ ಜೆಟ್ ಏರ್‌ವೇಸ್ ಪೈಲಟ್‌ಗಳು, ಕೆಲಸ ಕಳೆದುಕೊಂಡ ಸಹೋದ್ಯೋಗಿಗಳ ಪರವಾಗಿ, ಒಟ್ಟಿಗೇ ಅನಾರೋಗ್ಯದ ರಜೆ ಹಾಕಿ ವಿಮಾನಗಳನ್ನು ನೆಲಕ್ಕೆ ಕೂರಿಸಿದ್ದುಂಟು. 2012ರಲ್ಲಿ ಏರ್ ಇಂಡಿಯಾದ ಪೈಲಟ್‌ಗಳ ಮುಷ್ಕರ 58 ದಿನ ನಡೆಯಿತು.

ಪೈಲಟ್‌ಗಳಿಗಿರುವ ಒಂದು ಅನುಕೂಲ ಕಬ್ಬಿನವರಿಗಿಲ್ಲ. ಅವರಿಗೆ ನೋಂದಾಯಿತ ಯೂನಿಯನ್ ಇದೆ, ಸದಸ್ಯರ ಪಟ್ಟಿ ಇದೆ, ವಂತಿಗೆ, ವಕೀಲರು, ಸಹಿ ಹಾಕಬಲ್ಲ ಒಪ್ಪಂದ ಇದೆ. ರೈತ ಯಾರ ನೌಕರನೂ ಅಲ್ಲ. ಅವನ ಸಂಘ ಕಾರ್ಮಿಕ ಕಾನೂನಿನ ಅರ್ಥದಲ್ಲಿ ಯೂನಿಯನ್ನೂ ಅಲ್ಲ. ಶಿವಮೊಗ್ಗದ ಕಬ್ಬು ಬೆಳೆಗಾರರ ಸಂಘಟನೆ ಮತ್ತು ನರಗುಂದ–ನವಲಗುಂದದ ಬಂಡಾಯದ ಬೆನ್ನಿಗೆ 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಕಾಲಕ್ರಮದಲ್ಲಿ ಹಲವು ಬಣಗಳಾಗಿದೆ. ಯಾರು ಸದಸ್ಯ, ಯಾರು ಅಲ್ಲ ಎಂಬುದಕ್ಕೆ ಶಾಲು ಬಿಟ್ಟರೆ ಬೇರೆ ಗುರುತಿಲ್ಲ. ಇಷ್ಟು ಸಡಿಲ ನೂಲಿನಿಂದ ಗಟ್ಟಿ ಹಗ್ಗ ಹೊಸೆಯಬೇಕು.

ಎಲ್ಲಿ ಎಳೆ ಬಿಡುತ್ತದೆಂಬುದು ಮುಖಂಡರಿಗೆ ಗೊತ್ತಿರುತ್ತದೆ. ಎರಡು ಎಕರೆಯವನಿಗೆ ಕಬ್ಬು ಬೇಗ ಹೋಗಬೇಕು. ಪಿಕೆಪಿಎಸ್ ಸಾಲ, ಅಂದರೆ ಊರ ಪತ್ತಿನ ಸಹಕಾರಿ ಸಂಘದ ಸಾಲ, ತೀರಿಸಬೇಕು. ಕುಳೆ ಕಬ್ಬು ತೆಗೆದು ಗೋಧಿ, ಕಡಲೆ ಬಿತ್ತಬೇಕೆನ್ನುವವನಿಗೆ ಹದ ತಪ್ಪುವ ಚಿಂತೆ. ಟ್ರ್ಯಾಕ್ಟರ್ ಕೊಂಡವನ ಕಂತು ಪ್ರತಿ ತಿಂಗಳು ಬಾಗಿಲು ತಟ್ಟುತ್ತದೆ. ಸಹಕಾರಿ ಕಾರಖಾನೆಯ ಷೇರುದಾರ ತನ್ನದೇ ಕಾರಖಾನೆಯ ಮುಂದೆ ಹೇಗೆ ಕೂರುವುದೆಂದು ಅಳುಕುತ್ತಾನೆ. ಜಿಲ್ಲೆಯ ಹಲವು ಕಾರಖಾನೆಗಳು ರಾಜಕಾರಣಿ ಮನೆತನಗಳ ಕೈಯಲ್ಲಿವೆ, ಅದರಲ್ಲಿ ಪಕ್ಷಭೇದವಿಲ್ಲ. ಮತ ಕೇಳಲು ಬಂದವರ ವಿರುದ್ಧವೇ ದರ ಕೇಳಬೇಕು, ನಾಳೆ ಅವರ ಮನೆಯ ಮದುವೆಗೂ ಹೋಗಬೇಕು. ಕಾರಖಾನೆಯ ಸ್ಲಿಪ್ ಬಾಯ್, ಅಂದರೆ ಯಾರ ಹೊಲ ಯಾವಾಗ ಕಡಿಯಬೇಕೆಂದು ಚೀಟಿ ಕೊಡುವ ನೌಕರ, ರಾತ್ರಿ ಮನೆಗೆ ಬಂದು ‘ನಾಳೆ ನಿಮ್ಮ ಪಾಳಿ, ಕಡಸ್ತೀರೇನ್ರೀ ಕಾಕಾ’ ಎಂದರೆ ಒಲ್ಲೆ ಎನ್ನಲು ಎದೆ ಗಟ್ಟಿಯಿರಬೇಕು.

ಇವರೆಲ್ಲರನ್ನೂ ಹಿಡಿದಿಡುವ ಬೇಡಿಕೆ ಒಂದೇ ಅಂಕಿಯಲ್ಲಿ ಇರಬೇಕು. ಗುರ್ಲಾಪುರದಲ್ಲಿ ಆ ಅಂಕಿ 3,500: ಟನ್ನಿಗೆ, ಕಡಿಯುವ ಮತ್ತು ಸಾಗಿಸುವ ಖರ್ಚು ಬಿಟ್ಟು, ಕೈಗೆ. ಇಳುವರಿಯ ಗೊಡವೆಯಿಲ್ಲ, ಬಾಲವಿಲ್ಲ. ಆಡಳಿತದ ಕಡೆಯಿಂದ ಬಂದ 3,200ರ ಮಾತಿಗೂ ಇದಕ್ಕೂ ಇರುವ ಅಂತರ 300. ಎಕರೆಗೆ 40 ಟನ್ ಬೆಳೆದವನಿಗೆ ಅದು 12,000 ರೂಪಾಯಿ ಎಂಬುದನ್ನು ಕಾಗದ ಪೆನ್ನಿಲ್ಲದೆ ಯಾರಾದರೂ ಹೇಳಬಲ್ಲರು. ಬೇಡಿಕೆ ಇಷ್ಟು ನೇರವಾಗಿದ್ದರೆ ಮಧ್ಯೆ ಯಾರೋ ಬಂದು ‘ನಿಮಗೆ ಬೇರೆ ಲೆಕ್ಕ ಹಾಕಿ ಕೊಡುತ್ತೇವೆ’ ಎಂದು ಕಿವಿಯಲ್ಲಿ ಊದುವುದು ಕಷ್ಟ.

ಜಾಗದ ಆಯ್ಕೆಯೂ ಹಾಗೆಯೇ. ಗುರ್ಲಾಪುರ ಕ್ರಾಸ್ ಕಾರಖಾನೆಯ ಬಾಗಿಲಲ್ಲ. ರಾಜ್ಯ ಹೆದ್ದಾರಿಗಳು ಕೂಡುವ ಜಾಗ. ಒಂದು ಕಾರಖಾನೆಯ ಮುಂದೆ ಕೂತರೆ ಅದು ಆ ಕಾರಖಾನೆಯ ಜಗಳವಾಗುತ್ತದೆ, ಉಳಿದವು ನುರಿಸುತ್ತಲೇ ಇರುತ್ತವೆ. ಕೂಡುರಸ್ತೆಯಲ್ಲಿ ಕೂತರೆ ಗೋಕಾಕ, ಮೂಡಲಗಿ, ರಾಯಬಾಗ, ಆಚೆಯ ಬಾಗಲಕೋಟೆ ಜಿಲ್ಲೆಯ ರೈತರೂ ಅಲ್ಲಿಗೇ ಬಂದು ಸೇರುತ್ತಾರೆ. ಮುಂದಾಳುಗಳು ರೈತ ಸಂಘ ಹಾಗೂ ಹಸಿರು ಸೇನೆಯ ಚೂನಪ್ಪ ಪೂಜೇರಿ ಮತ್ತು ಶಶಿಕಾಂತ ಪಡಸಲಗಿ ಗುರೂಜಿ. ದಿನ ಕಳೆದಂತೆ ಧರಣಿ ಜಿಲ್ಲೆಯ ಬೇರೆ ತಾಲ್ಲೂಕುಗಳಿಗೂ ಹಬ್ಬಿತು. ಬಿಜೆಪಿ ರಾಜ್ಯಾಧ್ಯಕ್ಷ ಬಿ.ವೈ. ವಿಜಯೇಂದ್ರ ಬಂದು ಧರಣಿಯಲ್ಲಿ ಕೂತರು. ಸರ್ಕಾರದ ಪರವಾಗಿ ಸಚಿವ ಎಚ್.ಕೆ. ಪಾಟೀಲರು ಬಂದರು.

ಇಂಥ ಧರಣಿಯ ದಿನಚರಿ ನೋಡಬೇಕಾದದ್ದು. ಸಾವಿರಾರು ಮಂದಿ ರಸ್ತೆಯ ಮೇಲೆ ಹಗಲು ರಾತ್ರಿ ಇರಬೇಕೆಂದರೆ ಮೊದಲ ಪ್ರಶ್ನೆ ಊಟದ್ದು. ಊರಿಗೊಂದು ದಿನ ಪಾಳಿ ಗೊತ್ತುಮಾಡಿ, ಮನೆಗೆ ಇಷ್ಟು ರೊಟ್ಟಿ ಎಂದು ಎತ್ತಿ, ಪಲ್ಯ, ಖಾರಬ್ಯಾಳಿ, ಶೇಂಗಾ ಚಟ್ನಿಯ ಡಬ್ಬಿಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿ ತರುತ್ತಾರೆ. ಜೋಳದ ಕಟಕ ರೊಟ್ಟಿ ನಾಲ್ಕು ದಿನ ಇಟ್ಟರೂ ಕೆಡುವುದಿಲ್ಲ, ಹೋರಾಟಕ್ಕೆ ಹೇಳಿ ಮಾಡಿಸಿದ ಬುತ್ತಿ. ಬೆಳಿಗ್ಗೆ ದನ ಕರೆದು ಬಂದವರು ಸಂಜೆ ಹಾಲಿನ ಹೊತ್ತಿಗೆ ಮರಳುತ್ತಾರೆ, ಅವರ ಜಾಗಕ್ಕೆ ಮನೆಯ ಇನ್ನೊಬ್ಬರು ಬರುತ್ತಾರೆ. ಮನೆಯಲ್ಲಿ ಹಿರಿಯರು ಹೊಲ ನೋಡಿಕೊಂಡರೆ ತಮ್ಮಂದಿರು ಚಾಪೆ ಕಾಯುತ್ತಾರೆ. ಹಾಗಾಗಿ ಎಣಿಸಿದರೆ ತಲೆ ಕಡಿಮೆಯಾಗುವುದಿಲ್ಲ, ಆದರೆ ಅದೇ ಮುಖಗಳೂ ಇರುವುದಿಲ್ಲ. ರಾತ್ರಿ ಭಜನೆ, ಡೊಳ್ಳು. ಆಂಬುಲೆನ್ಸ್ ಬಂದರೆ ದಾರಿ ಬಿಡಲು ಹುಡುಗರ ಒಂದು ಗುಂಪು. ಊರೂರಿನಲ್ಲಿ ಇನ್ನೊಂದು ಗುಂಪು, ಕದ್ದು ಕಡಿಯುವವರು ಯಾರಾದರೂ ಇದ್ದಾರೋ ಎಂದು ನೋಡಲು. ಹೆಚ್ಚಾಗಿ ಅವರು ಬೆದರಿಸುವುದಿಲ್ಲ. ‘ಎಲ್ಲಾರೂ ತಡದಾರ, ನೀ ಒಬ್ಬನ ಯಾಕ ಅವಸರ ಮಾಡ್ತಿ ಅಣ್ಣಾ’ ಎಂಬ ಒಂದು ಮಾತು ಹಳ್ಳಿಯಲ್ಲಿ ಸಾಕಾಗುತ್ತದೆ.

ಮಾತುಕತೆಯ ರೀತಿಯೂ ಗಮನಿಸಬೇಕಾದದ್ದು. ಮುಖಂಡರನ್ನು ಬೇರೆ ಮಾಡಿ ಮುಚ್ಚಿದ ಕೋಣೆಗೆ ಕರೆದೊಯ್ಯುವುದು ಎದುರು ಪಕ್ಷದ ಹಳೆಯ ಉಪಾಯ. ಅದಕ್ಕೆ ಪ್ರತಿಯಾಗಿ ಸಚಿವರೇ ಕ್ರಾಸಿಗೆ ಬರಬೇಕು, ವೇದಿಕೆಯ ಮೇಲೆ ನಿಂತು ಎಲ್ಲರ ಎದುರಿಗೆ ಹೇಳಬೇಕು ಎಂಬ ಪಟ್ಟು. ಹೇಳಿದ್ದನ್ನು ಒಪ್ಪುವುದೋ ಬಿಡುವುದೋ ಎಂಬುದು ಕೂತವರ ಕೂಗಿನಲ್ಲೇ ತಿಳಿದುಬಿಡುತ್ತದೆ. ಇದರಿಂದ ಮುಖಂಡನಿಗೂ ರಕ್ಷಣೆ: ಯಾರೂ ಅವನನ್ನು ಮಾರಿಕೊಂಡ ಎನ್ನಲಾರರು. ಇದರಲ್ಲಿ ಒಂದು ದೋಷವೂ ಇದೆ. ಸಾವಿರ ಜನರ ಎದುರು ಒಂದು ಹೆಜ್ಜೆ ಹಿಂದಿಡುವುದು ಕೋಣೆಯೊಳಗೆ ಹಿಂದಿಡುವುದಕ್ಕಿಂತ ಬಹಳ ಕಷ್ಟ.

ಇಷ್ಟು ದೊಡ್ಡ ಗುಂಪಿನಲ್ಲಿ ಶಿಸ್ತು ಸಡಿಲಾಗುವ ಅಪಾಯ ಯಾವಾಗಲೂ ಇದ್ದೇ ಇದೆ. ನವೆಂಬರ್ 7ರಂದು, ಮಾತುಕತೆ ಬೆಂಗಳೂರಿನಲ್ಲಿ ನಡೆಯುತ್ತಿದ್ದ ದಿನವೇ, ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ಬಳಿ ಪುಣೆ–ಬೆಂಗಳೂರು ಹೆದ್ದಾರಿ ತಡೆಯಲು ಸೇರಿದ ಗುಂಪಿನ ಕಡೆಯಿಂದ ಕಲ್ಲು ತೂರಾಟವಾಯಿತು. ಪೊಲೀಸರು ಗಾಯಗೊಂಡರು, ಲಾಠಿ ಬೀಸಲಾಯಿತು. ಎಂಟು ದಿನ ಗುರ್ಲಾಪುರದಲ್ಲಿ ಕೂಡಿಟ್ಟ ಹೆಸರು ಒಂದು ತಾಸಿನಲ್ಲಿ ಕಳೆದುಹೋಗಬಹುದಿತ್ತು. ಇದಕ್ಕಿಂತ ಕಹಿಯಾದ ನೆನಪೂ ಈ ಸೀಮೆಗಿದೆ. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿ ಕಬ್ಬಿನ ದರಕ್ಕಾಗಿ ನಡೆದ ಧರಣಿಯಲ್ಲಿ ರಾಯಬಾಗ ತಾಲ್ಲೂಕಿನ ರೈತರೊಬ್ಬರು ವಿಷ ಕುಡಿದು ಪ್ರಾಣ ಬಿಟ್ಟಿದ್ದರು.

2025ರ ನವೆಂಬರ್ 7ರಂದು ಬೆಂಗಳೂರಿನ ವಿಧಾನಸೌಧದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಾರಖಾನೆ ಮಾಲೀಕರ ಜೊತೆ, ರೈತ ಮುಖಂಡರ ಜೊತೆ ಸಭೆ ನಡೆಸಿದರು. ಹೊರಬಂದ ತೀರ್ಮಾನ: 3,200ರ ಮೇಲೆ 100 ಸೇರಿಸಿ 3,300. ಆ ನೂರರಲ್ಲಿ 50 ಕಾರಖಾನೆಯದು, 50 ಸರ್ಕಾರದ್ದು. ಕಡಿಯುವ, ಸಾಗಿಸುವ ಖರ್ಚು ಬಿಟ್ಟು ಕೈಗೆ ಇಷ್ಟು ಸಿಗಬೇಕು. 3,500 ಕೇಳಿದವರು 3,300ಕ್ಕೆ ಒಪ್ಪಿದ್ದು ಸೋಲೇ ಎಂದು ಕೇಳುವವರಿದ್ದಾರೆ. ಈ ಕಸುಬು ಬಲ್ಲವರು ಹಾಗೆ ಎಣಿಸುವುದಿಲ್ಲ. ಅವರು ನೋಡುವುದು ಕೂರುವ ಮೊದಲು ಎಷ್ಟಿತ್ತು, ಎದ್ದಾಗ ಎಷ್ಟಾಯಿತು ಎಂಬುದನ್ನು. ಕಬ್ಬಿನ ಹದ, ಜನರ ತಾಳ್ಮೆ, ಬಿತ್ತನೆಯ ಹೊತ್ತು ಮೂರನ್ನೂ ತೂಗಿ, ಗುಂಪು ಇನ್ನೂ ಇಡಿಯಾಗಿರುವಾಗಲೇ ಎದ್ದೇಳುವುದು ಬಹುಶಃ ಎಲ್ಲಕ್ಕಿಂತ ಕಷ್ಟದ ಕೆಲಸ. ಸಕ್ಕರೆ ಸಚಿವ ಶಿವಾನಂದ ಪಾಟೀಲರು ಗುರ್ಲಾಪುರಕ್ಕೆ ಬಂದ ಮೇಲೆ, ಎಂಟರಂದು, ಧರಣಿ ಮುಗಿಯಿತು.

ಆದರೆ 3,300ಕ್ಕೂ ಒಂದು ಬಾಲ ಅಂಟಿಕೊಂಡಿತ್ತು. ಅದು 11.25 ಇಳುವರಿಯ ಕಾರಖಾನೆಗೆ, 10.25 ಇದ್ದರೆ 3,200. ಬಾಲವಿಲ್ಲದ ಬೇಡಿಕೆಯೊಂದಿಗೆ ಶುರುವಾದದ್ದು ಬಾಲವಿರುವ ಆದೇಶದಲ್ಲಿ ಮುಗಿಯಿತು. ಬೆಳಗಾವಿ ಸೀಮೆಯಲ್ಲಿ ಇದನ್ನು ಒಪ್ಪಿಕೊಂಡರೂ ಪಕ್ಕದ ಮುಧೋಳದ ರೈತರು ಇಳುವರಿಯ ಷರತ್ತು ಬೇಡವೆಂದು ಪಟ್ಟು ಹಿಡಿದರು. ನವೆಂಬರ್ 13ರಂದು ಸಮೀರವಾಡಿಯ ಕಾರಖಾನೆಯ ಬಳಿ ಕಬ್ಬು ಹೇರಿ ನಿಂತ ಟ್ರ್ಯಾಕ್ಟರ್‌ಗಳಿಗೆ ಬೆಂಕಿ ಬಿತ್ತು. ಸುಟ್ಟ ಕಬ್ಬೂ ಯಾರೋ ರೈತರದೇ, ಟ್ರ್ಯಾಕ್ಟರೂ ಯಾರದೋ ಸಾಲದ್ದೇ.

ಈ ಎಲ್ಲ ದಿನಗಳಲ್ಲಿ ಮೇಜಿನ ಯಾವ ಬದಿಯಲ್ಲೂ ಇಲ್ಲದವರೆಂದರೆ ಕಡಿಯುವವರು. ಬೀಡ್ ಕಡೆಯಿಂದ, ವಿಜಯಪುರದ ಕಡೆಯಿಂದ ಗಂಡ, ಹೆಂಡತಿ, ಕೂಸುಗಳ ಸಮೇತ ಬಂದು ಹೊಲದಂಚಿನ ಜೋಪಡಿಯಲ್ಲಿ ಉಳಿಯುವ ಗ್ಯಾಂಗುಗಳಿಗೆ ಕೂಲಿ ಟನ್ನಿನ ಲೆಕ್ಕದಲ್ಲಿ. ಕಡಿಯದ ದಿನ ಕೂಲಿಯಿಲ್ಲ, ಪಡೆದ ಮುಂಗಡದ ಭಾರ ಮಾತ್ರ ಹಾಗೇ ಇರುತ್ತದೆ. ಇಷ್ಟು ಕಟ್ಟುನಿಟ್ಟಾಗಿ ಹೆಣೆದ ಒಗ್ಗಟ್ಟಿನಲ್ಲಿ ಅವರಿಗೊಂದು ಚಾಪೆ ಇನ್ನೂ ಹಾಸಿಲ್ಲ ಎಂಬುದನ್ನು ಹೇಳದೆ ಹೋದರೆ ಪರಿಚಯ ಅರ್ಧವಾದೀತು.

ಧರಣಿ ಮುಗಿದ ಮರುದಿನವೇ ಎಲ್ಲರಿಗೂ ಒಮ್ಮೆಲೇ ಗ್ಯಾಂಗು ಬೇಕು, ಗಾಡಿ ಬೇಕು. ನಾಟಿಯ ದಿನಾಂಕ ಹಿಡಿದು ಪಾಳಿ ನಡೆಯಬೇಕೆಂಬುದು ಕ್ರಮ, ವಶೀಲಿ ಇದ್ದವನ ಹೊಲಕ್ಕೆ ಗ್ಯಾಂಗು ಮೊದಲು ಇಳಿಯಿತೆಂಬುದು ನಿತ್ಯದ ತಕರಾರು. ಸಂಘದ ಕೆಲಸ ಆಗ ರಸ್ತೆಯಿಂದ ಬಿಲ್ಲಿಗೆ ಸರಿಯುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಬಡ್ಡಿ ತಾನಾಗಿ ಬಂದು ಖಾತೆಗೆ ಬೀಳುವುದಿಲ್ಲ, ಕೇಳಬೇಕು. ಕೇಳಲು ಕಾಟಾದ ಚೀಟಿ ಬೇಕು: ದಿನಾಂಕ, ಗಾಡಿ ನಂಬರು, ತುಂಬಿದ ತೂಕ, ಖಾಲಿ ತೂಕ. ಕಡಿಯುವ ಖರ್ಚು ಎಷ್ಟು ಮುರಿದಿದ್ದಾರೆ, ಸಾಗಣೆ ಎಷ್ಟು ಕಿಲೋಮೀಟರಿನದು, ಸಂಘದ ಸಾಲಕ್ಕೆ ಎಷ್ಟು ಹೋಯಿತು, ಕಾರಖಾನೆಯ 50 ಬಂತೇ, ಸರ್ಕಾರದ 50 ಬಂತೇ ಎಂದು ಸಾಲುಸಾಲಾಗಿ ಓದಿ ಹೇಳಬಲ್ಲ ಒಬ್ಬರಾದರೂ ಊರಲ್ಲಿ ಇರುತ್ತಾರೆ. ಅವರ ಮನೆಯ ಕಟ್ಟೆಯ ಮೇಲೆ ಮಾರ್ಚ್, ಏಪ್ರಿಲ್ ತನಕ ಜನ ಚೀಟಿ ಹಿಡಿದು ಬರುತ್ತಲೇ ಇರುತ್ತಾರೆ. ಓದಿಸಿಕೊಂಡ ಚೀಟಿಯನ್ನು ಯಾರೂ ಬಿಸಾಡುವುದಿಲ್ಲ. ಕಾರಖಾನೆ ಈ ಹಂಗಾಮಿನಲ್ಲಿ ಎಷ್ಟು ಟನ್ ನುರಿಸಿತು, ಎಷ್ಟು ಸಕ್ಕರೆ ತೆಗೆಯಿತು ಎಂಬುದರ ಮೇಲೆಯೇ ಮುಂದಿನ ಹಂಗಾಮಿನ ಇಳುವರಿಯ ಲೆಕ್ಕ ನಿಲ್ಲುತ್ತದೆ.